ಅಂಕಿತ ಇಲ್ಲದ ಹಾಡುಗಳು: ಟ್ಯಾಂಪಾ ರೆಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಜನರ ಹಾಡಿನ ಪರಂಪರೆಯಾದ ಬ್ಲೂಸ್ ಬಗ್ಗೆ ಬರೆಯುವಾಗ ‘ಇಟ್ ಹರ್ಟ್ಸ್ ಮಿ ಟೂ’ ಹಾಡು ಗಿಟಾರ್ ಕಲಾವಿದ ಟ್ಯಾಂಪಾ ರೆಡ್ ಅವರದ್ದು ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೆ. ಆ ಒಂದು ಸಾಲನ್ನೇ ಹಿಡಿದುಕೊಂಡು ಇಷ್ಟು ಜನ ಪತ್ರ ಬರೆದಿದ್ದೀರಿ. ತುಂಬಾ ಖುಷಿಯಾಯಿತು. ಈ ಸಲ ಪುಟ ಪೂರ್ತಿ ಅವರಿಗೇ.

ನಾನು ಗಿಟಾರ್ ಕಲಿಯುತ್ತಿದ್ದೇನೆ. ‘ಇಟ್ ಹರ್ಟ್ಸ್ ಮಿ ಟೂ’ ಎಲ್ಮೋರ್ ಜೇಮ್ಸ್ ಹಾಡು ಅಂತಲೇ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದು. ನೀವು ಬೇರೆ ಹೆಸರು ಹೇಳಿದ್ದೀರಿ. ಯಾವುದು ಸರಿ? — ಓದುಗರು, ಧಾರವಾಡ

ನಿಮ್ಮ ಮೇಷ್ಟ್ರು ಹೇಳಿದ್ದರಲ್ಲಿ ತಪ್ಪು ಹುಡುಕಬೇಡಿ. ಆ ಹಾಡನ್ನು ಜಗತ್ತಿಗೆಲ್ಲ ಕೇಳಿಸಿದ್ದು ಎಲ್ಮೋರ್ ಜೇಮ್ಸ್ ಅವರೇ. ಆದರೆ ಅವರು ಅದನ್ನು ಮೊದಲು ರೆಕಾರ್ಡ್ ಮಾಡಿದ್ದು 1957ರಲ್ಲಿ. ಟ್ಯಾಂಪಾ ರೆಡ್ 1940ರಲ್ಲೇ ಶಿಕಾಗೋದಲ್ಲಿ ಅದನ್ನು ಹಾಡಿದ್ದರು. ಅದರ ಮಟ್ಟು ಇನ್ನೂ ಹಳೆಯದು, ಅವರದೇ 1931ರ ‘ಥಿಂಗ್ಸ್ ಬೌಟ್ ಕಮಿಂಗ್ ಮೈ ವೇ’ ಅನ್ನುವ ಹಾಡಿನಿಂದ ಬಂದದ್ದು. 1949ರಲ್ಲಿ ಅದನ್ನೇ ‘ವೆನ್ ಥಿಂಗ್ಸ್ ಗೋ ರಾಂಗ್ ವಿತ್ ಯು’ ಅಂತ ಇನ್ನೊಂದು ಸಲ ಹಾಡಿದರು. ಅದು ಅಮೆರಿಕದ ‘ರಿದಮ್ ಅಂಡ್ ಬ್ಲೂಸ್’ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದಿತ್ತು. ಅಂದರೆ ಯಾವುದೋ ಮೂಲೆಯಲ್ಲಿ ಬಿದ್ದಿದ್ದ ಹಾಡಲ್ಲ. ಆ ಕಾಲದ ಜನ ದುಡ್ಡು ಕೊಟ್ಟು ಕೊಂಡು ಕೇಳಿದ ಹಾಡು.

1963ರಲ್ಲಿ ಎಲ್ಮೋರ್ ಜೇಮ್ಸ್ ತೀರಿಕೊಂಡರು. ಅವರು ಎರಡನೇ ಸಲ ಹಾಡಿಟ್ಟಿದ್ದ ‘ಇಟ್ ಹರ್ಟ್ಸ್ ಮಿ ಟೂ’ 1965ರಲ್ಲಿ ಹೊರಗೆ ಬಂತು, ಜನಕ್ಕೆ ಹಿಡಿಸಿತು. ಆಮೇಲೆ ರಾಕ್ ತಂಡದವರು ಹಾಡಿದರು, 1994ರಲ್ಲಿ ಎರಿಕ್ ಕ್ಲಾಪ್ಟನ್ ಹಾಡಿದರು. ಕಲಿತವರಲ್ಲಿ ಹೆಚ್ಚಿನವರು ಎಲ್ಮೋರ್ ಅವರನ್ನು ಕೇಳಿಯೇ ಕಲಿತರು. ಹಿಂದಿನವರ ಹೆಸರು ಹಾಗೇ ಜಾರಿಹೋಯಿತು.

‘ಸ್ವೀಟ್ ಲಿಟಲ್ ಏಂಜೆಲ್’ ಯಾರ ಹಾಡು ಅಂತಲೂ ಕೆಲವರು ಕೇಳಿದ್ದೀರಿ. ಬಿ.ಬಿ. ಕಿಂಗ್ ಅದನ್ನು ಹಾಡಿದ್ದು 1956ರಲ್ಲಿ. 1950ರಲ್ಲಿ ಟ್ಯಾಂಪಾ ರೆಡ್ ಅದೇ ಹೆಸರಿನಲ್ಲಿ ಹಾಡಿದ್ದರು. 1949ರಲ್ಲಿ ರಾಬರ್ಟ್ ನೈಟ್‌ಹಾಕ್. 1934ರಲ್ಲಿ ‘ಬ್ಲ್ಯಾಕ್ ಏಂಜೆಲ್ ಬ್ಲೂಸ್’ ಅಂತ ಮತ್ತೆ ಟ್ಯಾಂಪಾ ರೆಡ್ ಅವರೇ. ಆದರೆ ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲರಿಗಿಂತ ಮೊದಲು, 1930ರಲ್ಲಿ, ಅದನ್ನು ಹಾಡಿದ್ದು ಲೂಸಿಲ್ ಬೋಗನ್ ಅನ್ನುವ ಗಾಯಕಿ. ಟ್ಯಾಂಪಾ ರೆಡ್ ಅವರಿಗೆ ನ್ಯಾಯ ಸಿಗಬೇಕು ಅಂತ ನಾನು ಬರೆಯುತ್ತಿರುವಾಗ ಬೋಗನ್ ಅವರನ್ನು ಬಿಟ್ಟರೆ ನಾನೂ ಅದೇ ತಪ್ಪು ಮಾಡಿದ ಹಾಗೆ.

ಇದನ್ನು ಕಳ್ಳತನ ಅಂತ ಕರೆಯಲು ನನಗೆ ಮನಸ್ಸಿಲ್ಲ. ಬ್ಲೂಸ್ ಹಾಡು ಬಾಯಿಂದ ಬಾಯಿಗೆ ಹೋಗುತ್ತಿತ್ತು. ಒಬ್ಬರ ಒಂದು ಸಾಲು ಇನ್ನೊಬ್ಬರ ಹಾಡಲ್ಲಿ ಸೇರಿಕೊಳ್ಳುವುದು ಮಾಮೂಲು. ನಮ್ಮಲ್ಲೂ ಪದಗಳು ಹಾಗೇ ಊರೂರು ತಿರುಗಿವೆ ಅಲ್ವಾ? ಆದರೆ ದಾಸರ ಪದಕ್ಕೆ ಅಂಕಿತ ಇದೆ. ಯಾರೇ ಹಾಡಲಿ, ಯಾವ ರಾಗದಲ್ಲೇ ಹಾಡಲಿ, ಕೊನೆಯ ನುಡಿಗೆ ಬಂದಾಗ ‘ಪುರಂದರ ವಿಠಲ’ ಅನ್ನಲೇಬೇಕು. ವಚನಕ್ಕೂ ಅಂಕಿತ ಇದೆ. ಹಾಡುವವರು ಬಿಟ್ಟರೂ ಹಾಡು ಬಿಡುವುದಿಲ್ಲ. ಬ್ಲೂಸ್ ಹಾಡಿಗೆ ಅಂಥದ್ದೇನೂ ಇಲ್ಲ. ಕೊನೆಗೆ ಯಾರು ಚೆನ್ನಾಗಿ ಹಾಡಿದರೋ ಅವರದ್ದು ಅಂತ ಆಗಿಬಿಡುತ್ತದೆ. ಟ್ಯಾಂಪಾ ರೆಡ್ ಅವರ ವಿಷಯದಲ್ಲಿ ಆದದ್ದು ಬಹುಪಾಲು ಇದೇ.

ಅವರು ಯಾರು, ಎಲ್ಲಿಯವರು? ಹೆಸರೇ ವಿಚಿತ್ರವಾಗಿದೆ. — ಓದುಗರು, ತುಮಕೂರು

ಟ್ಯಾಂಪಾ ಅನ್ನುವುದು ಊರು. ಫ್ಲೋರಿಡಾ ರಾಜ್ಯದ ಟ್ಯಾಂಪಾ. ಆದರೆ ಹುಟ್ಟಿದ್ದು ಅಲ್ಲಲ್ಲ, ಪಕ್ಕದ ಜಾರ್ಜಿಯಾ ರಾಜ್ಯದ ಸ್ಮಿತ್‌ವಿಲ್‌ನಲ್ಲಿ, ಇಪ್ಪತ್ತನೇ ಶತಮಾನ ಇನ್ನೂ ಎಳೆಯದಾಗಿದ್ದಾಗ. ಹೆತ್ತವರು ಇಟ್ಟ ಹೆಸರು ಹಡ್ಸನ್ ವುಡ್‌ಬ್ರಿಜ್. ಚಿಕ್ಕ ವಯಸ್ಸಲ್ಲೇ ತಂದೆ ತಾಯಿ ತೀರಿಕೊಂಡರು. ಟ್ಯಾಂಪಾದಲ್ಲಿದ್ದ ಅಜ್ಜಿಯ ಮನೆಯವರು ಸಾಕಿದರು. ಆ ಮನೆತನದ ಹೆಸರು ವಿಟೇಕರ್, ಅದೇ ಇವರಿಗೂ ಬಂತು. ಮೈಬಣ್ಣ ತಿಳಿಯಾಗಿ ಕೆಂಪಗಿತ್ತು, ಅದಕ್ಕೆ ರೆಡ್. ಅಣ್ಣ ಎಡ್ಡಿ ಗಿಟಾರ್ ಬಾರಿಸುತ್ತಿದ್ದರು, ಅದನ್ನು ನೋಡಿ ಕಲಿತರು. ಊರಲ್ಲಿ ಪಿಕಲೋ ಪೀಟ್ ಅಂತ ಜನ ಕರೆಯುತ್ತಿದ್ದ ಬೀದಿ ಹಾಡುಗಾರ ಒಬ್ಬರಿದ್ದರು, ಅವರಿಂದಲೂ ಕಲಿತರು. ಗುರು ಅಂತ ಯಾರಾದರೂ ಇದ್ದರೆ ಇವರಿಬ್ಬರೇ.

1920ರ ದಶಕದಲ್ಲಿ ದಕ್ಷಿಣದ ಕಪ್ಪು ಜನ ಗುಂಪುಗುಂಪಾಗಿ ಉತ್ತರದ ಊರುಗಳಿಗೆ ಹೋಗುತ್ತಿದ್ದರು. ಇವರೂ ಶಿಕಾಗೋಗೆ ಹೋದರು. ಅಲ್ಲಿ ಥಾಮಸ್ ಡಾರ್ಸಿ ಪರಿಚಯ ಆಯಿತು. ಡಾರ್ಸಿ ಒಳ್ಳೆಯ ಪಿಯಾನೋ ವಾದಕ, ಬ್ಲೂಸ್‌ನ ದೊಡ್ಡ ಗಾಯಕಿ ಮಾ ರೇನಿಯವರಿಗೆ ಜೊತೆ ಬಾರಿಸಿದ್ದವರು. ‘ಜಾರ್ಜಿಯಾ ಟಾಮ್’ ಅನ್ನುವುದು ಅವರ ಇನ್ನೊಂದು ಹೆಸರು. ಇಬ್ಬರೂ ಸೇರಿ 1928ರ ಅಕ್ಟೋಬರ್‌ನಲ್ಲಿ ‘ಇಟ್ಸ್ ಟೈಟ್ ಲೈಕ್ ದಟ್’ ಅನ್ನುವ ಹಾಡು ಹಾಡಿದರು. ಸಾಹಿತ್ಯ ನೋಡಿ ಡಾರ್ಸಿ ಮೊದಲು ಹಿಂದೇಟು ಹಾಕಿದ್ದರು, ಯಾಕೆಂದರೆ ಅದು ಪೂರ್ತಿ ದ್ವಂದ್ವಾರ್ಥದ ಹಾಡು. ಆದರೆ ಅದರ ಕುಣಿತ ಕೇಳಿದರೆ ಕಾಲು ಸುಮ್ನೆ ಇರುವುದಿಲ್ಲ. ವೊಕಾಲಿಯನ್ ಕಂಪನಿ ತಂದ ಆ ಗ್ರಾಮಫೋನ್ ಪ್ಲೇಟು ಭಾರಿ ಮಾರಾಟ ಆಯಿತು. ಅದೇ ಥರದ ಹಾಡುಗಳ ಒಂದು ಅಲೆಯೇ ಎದ್ದಿತು, ‘ಹೋಕಮ್’ ಅಂತ ಅದಕ್ಕೊಂದು ಹೆಸರೂ ಬಿತ್ತು.

ಈ ಜೋಡಿ ಒಡೆದದ್ದು ಜಗಳ ಆಗಿ ಅಲ್ಲ. 1932ರಲ್ಲಿ ಡಾರ್ಸಿಯವರ ಹೆಂಡತಿ ಹೆರಿಗೆಯಲ್ಲಿ ಹೋದರು, ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ ಅವರು ‘ಟೇಕ್ ಮೈ ಹ್ಯಾಂಡ್, ಪ್ರೆಶಸ್ ಲಾರ್ಡ್’ ಬರೆದರು. ದೇವರೇ, ನನ್ನ ಕೈ ಹಿಡಿ ಅಂತ ಕೇಳುವ ಹಾಡು. ಬ್ಲೂಸ್ ಬಿಟ್ಟು ಪೂರ್ತಿ ಚರ್ಚಿನ ಹಾಡಿನ ಕಡೆ ಹೋದರು. ಅಮೆರಿಕದ ಗಾಸ್ಪೆಲ್ ಸಂಗೀತದ ಪಿತಾಮಹ ಅಂತ ಇವತ್ತು ಅವರನ್ನೇ ಕರೆಯುತ್ತಾರೆ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಸಂಸ್ಕಾರದ ದಿನ ಗಾಯಕಿ ಮಹಾಲಿಯಾ ಜಾಕ್ಸನ್ ಹಾಡಿದ್ದು ಇದೇ ಹಾಡು. ಅದೇ ಪಿಯಾನೋ, ಅದೇ ಬೆರಳು, ಮೊದಲು ‘ಇಟ್ಸ್ ಟೈಟ್ ಲೈಕ್ ದಟ್’, ನಾಲ್ಕು ವರ್ಷ ಕಳೆದು ‘ಪ್ರೆಶಸ್ ಲಾರ್ಡ್’. ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ಟ್ಯಾಂಪಾ ರೆಡ್ ಮಾತ್ರ ಬ್ಲೂಸ್ ಬಿಡಲಿಲ್ಲ. 1934ರಲ್ಲಿ ವಿಕ್ಟರ್ ಕಂಪನಿ ಸೇರಿದರು, 1953ರ ವರೆಗೂ ಅಲ್ಲೇ ಇದ್ದರು. ಅವರ ಹಾಡುಗಳು ಬರುತ್ತಿದ್ದದ್ದು ಅದರ ಅಗ್ಗದ ಲೇಬಲ್ ‘ಬ್ಲೂಬರ್ಡ್’ನಲ್ಲಿ. ಬೇರೆ ಪ್ಲೇಟಿಗೆ 75 ಸೆಂಟ್ ಇದ್ದರೆ ಇದಕ್ಕೆ 35 ಸೆಂಟ್. 1930ರ ದಶಕದ ದೊಡ್ಡ ಆರ್ಥಿಕ ಹಿಂಜರಿತದ ವರ್ಷಗಳಲ್ಲಿ ಕೂಲಿ ಮಾಡುವವರ ಮನೆಗೂ ಅದು ತಲುಪಿತು. ಒಟ್ಟು 335 ಹಾಡುಗಳನ್ನು ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿಗೆ ಕೊಟ್ಟರು. ಅದರಲ್ಲಿ 251 ಬಂದದ್ದು 1928ರಿಂದ 1942ರ ನಡುವೆ. ಆ ಅವಧಿಯಲ್ಲಿ ಅಷ್ಟು ರೆಕಾರ್ಡ್ ಮಾಡಿದ ಬ್ಲೂಸ್ ಕಲಾವಿದರು ಇನ್ನೊಬ್ಬರಿಲ್ಲ.

1942ರಲ್ಲಿ ಅದು ನಿಂತದ್ದಕ್ಕೆ ಎರಡು ಕಾರಣ. ಸಂಗೀತಗಾರರ ಯೂನಿಯನ್ ಆಗಸ್ಟ್‌ನಿಂದ ರೆಕಾರ್ಡಿಂಗ್ ಬಂದ್ ಮಾಡಿತು. ಅದಕ್ಕೂ ಮೊದಲೇ ಯುದ್ಧದಿಂದಾಗಿ ಅರಗಿಗೆ ಕೊರತೆ ಬಂದಿತ್ತು. ಹೌದು, ಅರಗು. ಆಗಿನ ಪ್ಲೇಟು ಮಾಡುತ್ತಿದ್ದದ್ದು ಅರಗಿನಿಂದ, ಆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೂರಿಸುವ ಅದೇ ಪದಾರ್ಥ. ಟ್ಯಾಂಪಾ ರೆಡ್ ಹಾಡಿನ ಗೆರೆಗಳು ಮೂಡಿದ್ದು ಬಹುಶಃ ಛೋಟಾನಾಗಪುರದ ಕಾಡಿನ ಮರದಿಂದ ಕೆರೆದು ತೆಗೆದ ಅರಗಿನ ಮೇಲೆ ಅಂತ ಯೋಚಿಸಿ ನೋಡಿ.

ಇನ್ನು ಅವರ ಮನೆ. ಶಿಕಾಗೋದ ದಕ್ಷಿಣ ಭಾಗದಲ್ಲಿ, ಸ್ಟೇಟ್ ಸ್ಟ್ರೀಟ್‌ನಲ್ಲಿ, ಒಂದು ಗಿರವಿ ಅಂಗಡಿಯ ಮೇಲೆ. ಹೆಂಡತಿ ಫ್ರಾನ್ಸೆಸ್ ಆ ಮನೆಯನ್ನೂ ನೋಡಿಕೊಳ್ಳುತ್ತಿದ್ದರು, ಗಂಡನ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು. ಮಿಸಿಸಿಪಿಯಿಂದಲೋ ಇನ್ನೆಲ್ಲಿಂದಲೋ ರೈಲು ಹತ್ತಿ ಬಂದ ಹಾಡುಗಾರರಿಗೆ ಅಲ್ಲಿ ಊಟ ಇತ್ತು, ಮಲಗಲು ಜಾಗ ಇತ್ತು, ಅಭ್ಯಾಸ ಮಾಡಲು ಕೋಣೆ ಇತ್ತು. ಬ್ಲೂಬರ್ಡ್‌ಗೆ ಕಲಾವಿದರನ್ನು ಗೊತ್ತು ಮಾಡುತ್ತಿದ್ದ ಲೆಸ್ಟರ್ ಮೆಲ್‌ರೋಸ್ ಅದರ ಖರ್ಚು ಕೊಡುತ್ತಿದ್ದರು. ಬಿಗ್ ಬಿಲ್ ಬ್ರೂಂಜಿ, ವಾಷ್‌ಬೋರ್ಡ್ ಸ್ಯಾಮ್, ಮೆಂಫಿಸ್ ಮಿನ್ನಿ ಎಲ್ಲ ಅಲ್ಲಿಗೆ ಬಂದು ಹೋಗುವವರು. ಪಿಯಾನೋದ ಬಿಗ್ ಮೇಸಿಯೋ 1941ರಲ್ಲಿ ‘ವರೀಡ್ ಲೈಫ್ ಬ್ಲೂಸ್’ ಹಾಡಿದಾಗ ಗಿಟಾರ್ ಹಿಡಿದವರು ಟ್ಯಾಂಪಾ ರೆಡ್. ಶಿಕಾಗೋ ಬ್ಲೂಸ್ ಅಂದರೆ ಎಲ್ಲರೂ ಕ್ಲಬ್ಬು, ಸ್ಟುಡಿಯೋ ಅನ್ನುತ್ತಾರೆ. ನಾನು ಈ ಮನೆಯ ಹೆಸರನ್ನು ಮೊದಲು ಹೇಳುತ್ತೇನೆ.

ಅವರ ಗಿಟಾರ್ ನಿಜವಾಗಿ ಚಿನ್ನದ್ದಾ? — ಓದುಗರು, ಹಾಸನ

ಚಿನ್ನದ ಲೇಪ. ಒಳಗಿನ ಮೈ ಬೇರೆ ಲೋಹದ್ದು. ನ್ಯಾಷನಲ್ ಕಂಪನಿಯ ‘ಟ್ರೈಕೋನ್’ ಅನ್ನುವ ಗಿಟಾರ್ ಅದು, ಮೇಲೆ ಸೇವಂತಿಗೆ ಹೂವಿನ ಕೆತ್ತನೆ. ಒಳಗೆ ಅಲ್ಯುಮಿನಿಯಂನ ಮೂರು ತೆಳು ಶಂಕುಗಳಿರುತ್ತವೆ, ತಂತಿಯ ಕಂಪನ ಅವುಗಳಿಗೆ ಹೋಗಿ ಸದ್ದು ದೊಡ್ಡದಾಗುತ್ತದೆ. ಆಗ ಗಿಟಾರಿಗೆ ಆಂಪ್ಲಿಫಯರ್ ಇರಲಿಲ್ಲವಲ್ಲ, ಗದ್ದಲದ ಜಾಗದಲ್ಲಿ ಮರದ ಗಿಟಾರ್ ಯಾರಿಗೂ ಕೇಳುತ್ತಿರಲಿಲ್ಲ. ಈ ಗಿಟಾರ್ ಮಾರುಕಟ್ಟೆಗೆ ಬಂದದ್ದು 1927ರಲ್ಲಿ, 1928ರಲ್ಲೇ ಟ್ಯಾಂಪಾ ರೆಡ್ ಕೈಯಲ್ಲಿತ್ತು. ಅದನ್ನು ಹಿಡಿದು ರೆಕಾರ್ಡ್ ಮಾಡಿದ ಮೊದಲ ಕಪ್ಪು ಕಲಾವಿದರಲ್ಲಿ ಅವರು ಒಬ್ಬರು. ಜಾಹೀರಾತುಗಳಲ್ಲಿ ‘ಚಿನ್ನದ ಗಿಟಾರಿನ ಮನುಷ್ಯ’ ಅಂತಲೇ ಬರುತ್ತಿತ್ತು. ಎಷ್ಟೋ ಕಾಲ ಆ ಗಿಟಾರ್ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. 1990ರ ದಶಕದಲ್ಲಿ ಇಲಿನಾಯ್ ರಾಜ್ಯದಲ್ಲಿ ಸಿಕ್ಕಿತು. ಅಲ್ಲಿಂದ ಸಿಯಾಟಲ್‌ನ ಸಂಗೀತ ಸಂಗ್ರಹಾಲಯ ಸೇರಿತು.

ನಾನು ವೀಣೆ ಕಲಿಯುತ್ತಿದ್ದೇನೆ. ಸ್ಲೈಡ್ ಗಿಟಾರ್ ಅಂದರೆ ನಮ್ಮ ಗೋಟುವಾದ್ಯದ ಥರಾನಾ? — ಓದುಗರು, ಮೈಸೂರು

ಕೆಲಸ ಮಾಡುವ ರೀತಿ ಹತ್ತಿರ ಹತ್ತಿರ ಒಂದೇ. ಗೋಟುವಾದ್ಯಕ್ಕೆ ಮೆಟ್ಟಿಲು, ಅಂದರೆ ಫ್ರೆಟ್ಟು, ಇಲ್ಲ, ಎಡಗೈಯಲ್ಲಿ ಗೋಟು ಅನ್ನುವ ಉರುಳೆ ಹಿಡಿದು ತಂತಿ ಮೇಲೆ ಜಾರಿಸುತ್ತೀರಿ. ಬ್ಲೂಸ್‌ನವರು ಬಾಟಲಿಯ ಕತ್ತನ್ನು ಕತ್ತರಿಸಿ, ಅಂಚು ನಯ ಮಾಡಿ, ಬೆರಳಿಗೆ ಉಂಗುರದ ಹಾಗೆ ಹಾಕಿಕೊಳ್ಳುತ್ತಿದ್ದರು. ಗಿಟಾರಿಗೆ ಮೆಟ್ಟಿಲು ಇದ್ದರೂ ತಂತಿಯನ್ನು ಅದಕ್ಕೆ ಒತ್ತುವುದಿಲ್ಲ. ಗಾಜು ಸುಮ್ನೆ ತಂತಿ ಮೇಲೆ ಕೂತಿರಬೇಕು, ಸರಿಯಾಗಿ ಮೆಟ್ಟಿಲಿನ ನೆತ್ತಿಯ ಮೇಲೆ. ಒಂದು ಎಳ್ಳಷ್ಟು ಆಚೀಚೆ ಆದರೂ ಅಪಸ್ವರ.

ಶ್ರುತಿಯನ್ನು ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಟ್ಯಾಂಪಾ ರೆಡ್ ಹೆಚ್ಚಾಗಿ ಬಳಸಿದ ಜೋಡಣೆಯಲ್ಲಿ ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಸ ಪ ಸ ಗ ಪ ಸ ಬರುತ್ತದೆ. ಈ ಗ ಅಂತರ ಗಾಂಧಾರ. ಆದರೆ ಬ್ಲೂಸ್ ಹಾಡುವಾಗ ಗಾಂಧಾರ ಅಲ್ಲಿಗೆ ಹೋಗಿ ನಿಲ್ಲುವುದಿಲ್ಲ, ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ತೂಗುತ್ತದೆ. ಪಿಯಾನೋದಲ್ಲಿ ಆ ಜಾಗಕ್ಕೆ ಕೀಲಿಯೇ ಇಲ್ಲ. ಗಾಜಿಗೆ ಆ ಜಾಗ ಸಲೀಸಾಗಿ ಸಿಗುತ್ತದೆ. ಜಾರು ಗಮಕ ಗೊತ್ತಿರುವ ನಿಮ್ಮ ಕಿವಿಗೆ ಇದು ಬೇಗ ಹಿಡಿಸುತ್ತದೆ.

ಈಗ ಅವರ ಹೆಚ್ಚುಗಾರಿಕೆ. ಆ ಕಾಲದ ಮಿಸಿಸಿಪಿ ಡೆಲ್ಟಾ ಕಡೆಯ ಎಷ್ಟೋ ಜನ ಸ್ಲೈಡನ್ನು ರಭಸವಾಗಿ, ಎರಡು ಮೂರು ತಂತಿ ಸೇರಿಸಿ, ಗರಗರ ಅನ್ನುವ ಹಾಗೆ ಬಾರಿಸುತ್ತಿದ್ದರು. ಅದರಲ್ಲಿ ಒಂದು ಕಸುವಿದೆ, ನನಗೂ ಇಷ್ಟ. ಟ್ಯಾಂಪಾ ರೆಡ್ ಬೇರೆ ದಾರಿ ಹಿಡಿದರು. ಒಂದು ತಂತಿ, ಒಂದು ಸ್ವರ, ಅದರ ಸುತ್ತ ಜಾಗ. ಗಾಜಿನ ಹಿಂದೆ ಬೇರೆ ಬೆರಳನ್ನು ತಂತಿಗೆ ಹಗುರವಾಗಿ ತಾಗಿಸಿದರೆ ಬೇಡದ ಸದ್ದು ಸಾಯುತ್ತದೆ. ಅವರ ನಾದ ಅಷ್ಟು ಶುಭ್ರ. ಹಾಡಿನ ಸಾಲು ಅರ್ಧಕ್ಕೆ ಬಿಟ್ಟು ಉಳಿದದ್ದನ್ನು ಗಿಟಾರ್ ಕೈಲಿ ಹೇಳಿಸುತ್ತಾರೆ, ಕೇಳುವವರಿಗೆ ಎರಡು ಕಂಠ ಇದ್ದ ಹಾಗೆ. ಇದನ್ನು ರಾಬರ್ಟ್ ನೈಟ್‌ಹಾಕ್ ಕಲಿತರು. ನೈಟ್‌ಹಾಕ್ ಅವರಿಂದ ಅರ್ಲ್ ಹೂಕರ್ ಕಲಿತರು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಇವತ್ತು ಯಾರಾದರೂ ಒಂದೊಂದೇ ಸ್ವರವನ್ನು ಎಳೆದು, ಮಾತಾಡಿಸಿ ಸ್ಲೈಡ್ ಬಾರಿಸಿದರೆ ಆ ಸಾಲು ಹಿಂದಕ್ಕೆ ಇವರ ಮನೆ ಬಾಗಿಲಿಗೇ ಹೋಗುತ್ತದೆ.

ಅಷ್ಟು ದೊಡ್ಡವರಾದರೆ ಮತ್ತೆ ರಾಬರ್ಟ್ ಜಾನ್ಸನ್ ಹೆಸರು ಎಲ್ಲರಿಗೂ ಗೊತ್ತು, ಇವರ ಹೆಸರು ಯಾಕೆ ಗೊತ್ತಿಲ್ಲ? — ಓದುಗರು, ಬೆಂಗಳೂರು

ಈ ಪ್ರಶ್ನೆ ನನ್ನನ್ನು ತುಂಬಾ ಕಾಡಿದೆ. ಮಿಸಿಸಿಪಿಯ ಬ್ಲೂಸ್ ಹಾಡುಗಾರ ರಾಬರ್ಟ್ ಜಾನ್ಸನ್ ರೆಕಾರ್ಡ್ ಮಾಡಿದ್ದು 29 ಹಾಡು, 1938ರಲ್ಲಿ 27ನೇ ವಯಸ್ಸಿಗೆ ಹೋದರು. ಅವರ ಹಾಡುಗಳು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಹೆಸರು ಈ ಪರಿ ಹರಡಿದ್ದು 1961ರಲ್ಲಿ ಅವರ ಹಾಡುಗಳು ಎಲ್‌ಪಿಯಾಗಿ ಬಂದ ಮೇಲೆ. ಆ ವರ್ಷಗಳಲ್ಲಿ ಅಮೆರಿಕದ ಬಿಳಿಯ ಕಾಲೇಜು ಹುಡುಗರು ಹಳೆಯ ಬ್ಲೂಸ್ ಹುಡುಕಿಕೊಂಡು ಹೊರಟಿದ್ದರು. ಜನ ಮರೆತಿದ್ದ ಹಳೆಯ ಹಾಡುಗಾರರಲ್ಲಿ 1963ರಲ್ಲಿ ಮಿಸಿಸಿಪಿ ಜಾನ್ ಹರ್ಟ್ ಸಿಕ್ಕರು, 1964ರಲ್ಲಿ ಸ್ಕಿಪ್ ಜೇಮ್ಸ್ ಮತ್ತು ಸನ್ ಹೌಸ್ ಸಿಕ್ಕರು. ಅವರಿಗೆಲ್ಲ ವೇದಿಕೆ ಸಿಕ್ಕಿತು, ಚಪ್ಪಾಳೆ ಸಿಕ್ಕಿತು. ಸಿಗಬೇಕಾದದ್ದೇ. ಆದರೆ ಹುಡುಕುವವರ ಕಣ್ಣಲ್ಲಿ ಒಂದು ಚಿತ್ರ ಇತ್ತು: ಹಳ್ಳಿಯ ಮನುಷ್ಯ, ಹತ್ತಿಯ ಹೊಲ, ಒಂಟಿ ಗಿಟಾರ್, ಎದೆಯಲ್ಲಿ ಸಂಕಟ.

ಟ್ಯಾಂಪಾ ರೆಡ್ ಆ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಅವರು ಪಟ್ಟಣದ ಕಲಾವಿದ. ಸೂಟು ಹಾಕುತ್ತಿದ್ದರು. ನಗಿಸುವ ಹಾಡು ಹಾಡುತ್ತಿದ್ದರು, ಕಜೂ ಅನ್ನುವ ಪುಟ್ಟ ವಾದ್ಯ ಬಾಯಲ್ಲಿಟ್ಟು ಅದರೊಳಗೆ ಗುನುಗುತ್ತಿದ್ದರು, ಹೆಂಡತಿ ಜೊತೆ ನೆಟ್ಟಗೆ ಸಂಸಾರ ಮಾಡುತ್ತಿದ್ದರು, ಅವರ ಪ್ಲೇಟು ಚೆನ್ನಾಗಿ ಮಾರುತ್ತಿತ್ತು. ಅವರನ್ನು ಕೊಂಡು ಕೇಳಿದವರು ಅವರದೇ ಜನ. ಕಪ್ಪು ಜನ ಇಪ್ಪತ್ತೈದು ವರ್ಷ ಮೆಚ್ಚಿ ಕೇಳಿದ ಕಲಾವಿದ ಹೊರಗಿನ ರಸಿಕರಿಗೆ ‘ಅಪ್ಪಟ’ ಅನ್ನಿಸಲಿಲ್ಲ. ಇದು ಅನ್ಯಾಯ ಅಂತ ನಾನು ಸೀದಾ ಹೇಳುತ್ತೇನೆ. ನಗಿಸುವುದು ಸುಲಭದ ಕೆಲಸ, ಅಳಿಸಿದರೆ ಮಾತ್ರ ಕಲೆ ಅನ್ನುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಜೊತೆಗೆ ಕಾಲವೂ ತಿರುಗಿತ್ತು. 1948ರಲ್ಲಿ ಮಡ್ಡಿ ವಾಟರ್ಸ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದ ಮೇಲೆ ಶಿಕಾಗೋದ ಕಿವಿ ಬದಲಾಯಿತು. ಟ್ಯಾಂಪಾ ರೆಡ್ ಅವರೂ ಅಷ್ಟರಲ್ಲಿ ಎಲೆಕ್ಟ್ರಿಕ್ ಹಿಡಿದು ವರ್ಷಗಳಾಗಿತ್ತು, ಆದರೆ ಜನಕ್ಕೆ ಬೇಕಾಗಿದ್ದದ್ದು ಇನ್ನೂ ಒರಟು ಸದ್ದು. ಹಣದ ವಿಷಯ ಬಂದರೆ, ಮೆಲ್‌ರೋಸ್ ಮೂಲಕ ಹಾಡಿದ ಹಲವು ಕಲಾವಿದರ ಹಾಡಿನ ಹಕ್ಕು ಮೆಲ್‌ರೋಸ್ ಅವರ ಪ್ರಕಾಶನದ ಕೈಗೇ ಹೋಗುತ್ತಿತ್ತು. ಹಾಡು ಬೇರೆಯವರ ಬಾಯಲ್ಲಿ ಬೆಳೆದಂತೆ ಅದನ್ನು ಕಟ್ಟಿದವರ ಜೇಬು ತುಂಬಬೇಕು ಅಂತ ಏನೂ ಇರಲಿಲ್ಲ.

1953ರಲ್ಲಿ ವಿಕ್ಟರ್ ಕಂಪನಿ ಜೊತೆಗಿನ ನಂಟು ಮುಗಿಯಿತು. ಸರಿಸುಮಾರು ಆಗಲೇ ಫ್ರಾನ್ಸೆಸ್ ತೀರಿಕೊಂಡರು. ಆ ಮನೆ ನಡೆಯುತ್ತಿದ್ದದ್ದೇ ಅವರಿಂದ, ಅವರಿಲ್ಲದ ಮೇಲೆ ಟ್ಯಾಂಪಾ ರೆಡ್ ಪೂರ್ತಿ ಕುಸಿದರು, ಕುಡಿತಕ್ಕೆ ಬಿದ್ದರು. 1960ರಲ್ಲಿ ಯಾರೋ ಹುಡುಕಿ ಕರೆತಂದು ಬ್ಲೂಸ್‌ವಿಲ್ ಲೇಬಲ್‌ಗೆ ಎರಡು ಎಲ್‌ಪಿ ಮಾಡಿಸಿದರು. ಒಬ್ಬರೇ ಕೂತು ಹಾಡಿದ್ದು, ಹಿಂದೆ ತಂಡ ಇಲ್ಲ. ಅದರಿಂದ ಹೆಚ್ಚೇನೂ ಆಗಲಿಲ್ಲ. ಕೊನೆಯ ದಿನಗಳನ್ನು ಶಿಕಾಗೋದ ಒಂದು ಆರೈಕೆ ಮನೆಯಲ್ಲಿ, ಬಡತನದಲ್ಲಿ ಕಳೆದರು. 1981ರ ಮಾರ್ಚ್ 19ರಂದು ತೀರಿಕೊಂಡರು. ಬ್ಲೂಸ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದೂ ಅದೇ ವರ್ಷ.

ಮೊದಲು ಯಾವುದನ್ನು ಕೇಳಬೇಕು? — ಓದುಗರು, ಮಂಗಳೂರು

‘ಡೆನ್ವರ್ ಬ್ಲೂಸ್’, 1934. ಮಾತಿಲ್ಲ, ಬರೀ ಗಿಟಾರ್. ಮೂರು ನಿಮಿಷದ್ದು. ಹೆಡ್‌ಫೋನ್ ಹಾಕಿಕೊಂಡು, ಲೈಟ್ ಆರಿಸಿ ಕೇಳಿ. ಹಳೆಯ ಪ್ಲೇಟಿನ ಚರಚರ ಸದ್ದಿಗೆ ಬೇಜಾರಾಗಬೇಡಿ, ಅರ್ಧ ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ. ಆಮೇಲೆ 1929ರ ‘ಯು ಗಾಟ್ ಟು ರೀಪ್ ವಾಟ್ ಯು ಸೋ’, ಅದೂ ಬರೀ ಗಿಟಾರ್. ಮನಸ್ಸು ಹಗುರ ಆಗಬೇಕೆಂದರೆ ‘ಇಟ್ಸ್ ಟೈಟ್ ಲೈಕ್ ದಟ್’.

ಕೊನೆಗೆ 1940ರ ‘ಇಟ್ ಹರ್ಟ್ಸ್ ಮಿ ಟೂ’ ಹಾಕಿ, ಅದರ ಬೆನ್ನಿಗೇ ಎಲ್ಮೋರ್ ಜೇಮ್ಸ್ ಅವರದ್ದು ಹಾಕಿ. ಎಲ್ಮೋರ್ ಕೂಗಿ ಕೇಳಿಕೊಳ್ಳುತ್ತಾರೆ. ಟ್ಯಾಂಪಾ ರೆಡ್ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಾರೆ. ಧಾರವಾಡದವರೇ, ನಿಮ್ಮ ಮೇಷ್ಟ್ರಿಗೂ ಎರಡನ್ನೂ ಒಟ್ಟಿಗೆ ಕೇಳಿಸಿ. ಅವರು ಏನಂದರು ಅಂತ ನನಗೆ ಬರೆಯಿರಿ.